ಸಹಿ ಬೀಳದ ಎತ್ತರ

ಮಳೆಗಾಲದಲ್ಲಿ ನಿಡಗುಂದಿಯ ಚಹಾದಂಗಡಿಗಳಲ್ಲಿ ಮಾತು ಶುರುವಾಗುವುದೇ ಒಂದು ಅಂಕಿಯಿಂದ. ‘ಇವತ್ತ ಎಷ್ಟೈತ್ರಿ ಕಾಕಾ?’ ಎಂದು ಹುಡುಗನೊಬ್ಬ ಕೇಳಿದರೆ, ಏನು ಎಷ್ಟಿದೆ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆಲಮಟ್ಟಿ ಜಲಾಶಯದ ಮಟ್ಟ ಅದು. ಗರಿಷ್ಠ 519.60 ಮೀಟರ್. ಪತ್ರಿಕೆಯ ಮೂಲೆಯ ಚೌಕದಲ್ಲಿ ಒಳಹರಿವು, ಹೊರಹರಿವಿನ ಜೊತೆಗೆ ದಿನವೂ ಅಚ್ಚಾಗುವ ಈ ಅಂಕಿಯನ್ನು ಮಗ್ಗಿ ಮರೆತವರೂ ದಶಾಂಶ ಸಮೇತ ಹೇಳಬಲ್ಲರು. ಇಷ್ಟು ನಿತ್ಯದ ಮಾತಾದ ಮೇಲೂ ಆ ಅಂಕಿ ಏನನ್ನು ಅಳೆಯುತ್ತದೆ ಎಂಬುದು ಬಹಳ ಸಲ ನಮ್ಮ ಗಮನಕ್ಕೆ ಬರುವುದಿಲ್ಲ. ಅಣೆಕಟ್ಟೆಯ ಬುಡದಿಂದ ನೀರು 519 ಮೀಟರ್ ಮೇಲಿದೆ ಎಂದು ಅದರ ಅರ್ಥವಲ್ಲ. ನೂರಾರು ಕಿಲೋಮೀಟರ್ ದೂರದ ಸಮುದ್ರದಿಂದ ಹಿಡಿದ ಲೆಕ್ಕ ಅದು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದೇ ಲೆಕ್ಕ. ಎವರೆಸ್ಟಿನ ಎತ್ತರವನ್ನು ಹೇಳುವುದೂ ಇದೇ ಲೆಕ್ಕದಲ್ಲಿ.

2020ರ ಡಿಸೆಂಬರ್ 8ರಂದು ನೇಪಾಳ ಮತ್ತು ಚೀನಾದ ವಿದೇಶಾಂಗ ಸಚಿವರು ಒಟ್ಟಾಗಿ ಎವರೆಸ್ಟಿನ ಎತ್ತರ 8848.86 ಮೀಟರ್ ಎಂದು ಸಾರಿದರು. ಉಳಿದ ಕಡೆ ಅದು ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಗೆ ಸಿಕ್ಕ ಹೊಸ ಉತ್ತರ, ಅಷ್ಟೇ. ನಮ್ಮ ತಾಲ್ಲೂಕಿನವರಿಗಾದರೂ ಅದು ಬೇರೆಯಾಗಿ ಕೇಳಿಸಬೇಕಿತ್ತು. ಒಂದು ಗಡಿ, ಗಡಿಯ ಮೇಲೊಂದು ಎತ್ತರ, ಆ ಎತ್ತರ ಎಷ್ಟೆಂದು ವರ್ಷಗಟ್ಟಲೆ ಎರಡು ಸರ್ಕಾರಗಳ ಜಗಳ, ಕೊನೆಗೊಂದು ದಿನ ಇಬ್ಬರೂ ಒಪ್ಪಿದ ಅಂಕಿ. ಈ ಕತೆಯ ಮೊದಲ ಮೂರು ಭಾಗ ನಮಗೆ ಚೆನ್ನಾಗಿ ಗೊತ್ತು. ನಾಲ್ಕನೆಯದು ಇನ್ನೂ ನಮ್ಮ ಪಾಲಿಗೆ ಬಂದಿಲ್ಲ. ಎತ್ತರವನ್ನು ಪ್ರಕೃತಿ ಕೊಡುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಮನುಷ್ಯರು ಕೂತು ಮಾಡಿಕೊಳ್ಳುವ ಕರಾರು. ಆ ಕರಾರನ್ನು ಅರ್ಧಕ್ಕೆ ಬಿಟ್ಟರೆ ಆಗುವ ಹಾನಿ, ತಪ್ಪು ಅಂಕಿಗೆ ಸಹಿ ಹಾಕಿದರೆ ಆಗುವ ಹಾನಿಗಿಂತ ದೊಡ್ಡದು ಎಂಬುದು ನನ್ನ ವಾದ.

ಮೊದಲು ಸೊನ್ನೆಯಿಂದಲೇ ನೋಡೋಣ. ಸಮುದ್ರಮಟ್ಟ ಎಂದರೆ ಏನೋ ಖಚಿತವಾದದ್ದು ಎಂದುಕೊಳ್ಳುತ್ತೇವೆ. ಆದರೆ ಸಮುದ್ರ ಗಳಿಗೆಗೊಮ್ಮೆ ಏರಿಳಿಯುವ ವಸ್ತು. ಭಾರತದ ಲೆಕ್ಕಕ್ಕೆ ಆಧಾರವಾಗಿರುವ ಸೊನ್ನೆಯನ್ನು ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ಅಳೆದು 1909ರ ಸುಮಾರಿಗೆ ನಿಶ್ಚಯಿಸಿದರು. ಪಶ್ಚಿಮದಲ್ಲಿ ಕರಾಚಿ, ಮುಂಬಯಿ, ಕಾರವಾರ, ಬೇಪೂರ್, ಕೊಚ್ಚಿ. ಪೂರ್ವದಲ್ಲಿ ನಾಗಪಟ್ಟಣಂ, ಮದರಾಸು, ವಿಶಾಖಪಟ್ಟಣ ಮತ್ತು ಒರಿಸ್ಸಾದ ಫಾಲ್ಸ್ ಪಾಯಿಂಟ್. ಈ ಒಂಬತ್ತೂ ಕಡೆ ಸಮುದ್ರದ ಸರಾಸರಿ ಮಟ್ಟ ಒಂದೇ ಎಂದು ಇಟ್ಟುಕೊಂಡು ಅಲ್ಲೆಲ್ಲ ಸೊನ್ನೆ ಬರೆದರು. ನಿಜದಲ್ಲಿ ಎರಡು ಕರಾವಳಿಗಳ ಮಟ್ಟ ತುಸು ಹೆಚ್ಚುಕಡಿಮೆ ಇದೆ. ಅದನ್ನು ಕೆದಕುತ್ತ ಕೂತರೆ ಕೆಲಸ ಸಾಗದು ಎಂದು ಒಂದು ಒಪ್ಪಿಗೆಗೆ ಬಂದರು. ಹಾಗಾಗಿ ಆಲಮಟ್ಟಿಯ 519.60ರೊಳಗೆ ಕಾರವಾರದ ಅಲೆಯೂ ಇದೆ, ಈಗ ಬೇರೆ ದೇಶದಲ್ಲಿರುವ ಕರಾಚಿಯ ಅಲೆಯೂ ಇದೆ. ಚೀನಾದವರು ತಮ್ಮ ಸೊನ್ನೆಯನ್ನು ಹಳದಿ ಸಮುದ್ರದಿಂದ ಹಿಡಿದರು. ಎವರೆಸ್ಟಿನ ಉತ್ತರ ಮಗ್ಗುಲು ಒಂದು ಸಮುದ್ರಕ್ಕೂ ದಕ್ಷಿಣ ಮಗ್ಗುಲು ಇನ್ನೊಂದಕ್ಕೂ ಲೆಕ್ಕ ಒಪ್ಪಿಸುತ್ತಿದ್ದ ಕಾಲವಿತ್ತು. 2020ರ ಘೋಷಣೆಯಲ್ಲಿ ಎರಡೂ ದೇಶಗಳು ಮಾಡಿದ ದೊಡ್ಡ ಕೆಲಸವೆಂದರೆ ಅಂತರರಾಷ್ಟ್ರೀಯ ಎತ್ತರ ವ್ಯವಸ್ಥೆಯೊಂದನ್ನು ಸಾಮಾನ್ಯ ಸೊನ್ನೆಯಾಗಿ ಒಪ್ಪಿದ್ದು. ಮೇಲಿನ ತುದಿಯ ಜಗಳ ಬಗೆಹರಿಯುವ ಮೊದಲು ಕೆಳಗಿನ ತುದಿಯ ಒಪ್ಪಿಗೆ ಆಗಬೇಕಾಯಿತು.

ಆ ಶಿಖರದ ಅಳತೆಗೂ ಕನ್ನಡ ನೆಲಕ್ಕೂ ಇರುವ ಸಂಬಂಧ ಕಾರವಾರಕ್ಕಿಂತ ಹಳೆಯದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ಅಳೆದ. ಗೆದ್ದ ರಾಜ್ಯವನ್ನು ನಕ್ಷೆಗಿಳಿಸುವುದು ಕಂಪನಿಗೆ ಬೇಕಿದ್ದ ಕೆಲಸ. ಭೂಮಿಯ ಆಕಾರ ತಿಳಿಯುವುದು ಲ್ಯಾಂಬ್ಟನ್ನನ ಹುಚ್ಚು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಮಹಾ ತ್ರಿಕೋನಮಿತಿ ಸರ್ವೆ ವಿಧ್ಯುಕ್ತವಾಗಿ ಆರಂಭವಾಯಿತು. ತ್ರಿಕೋನದ ಬೆನ್ನಿಗೆ ತ್ರಿಕೋನ ಕಟ್ಟುತ್ತ ದಖನ್ನನ್ನು ಏರಿದ ಅವನು 1815ರಲ್ಲಿ ಬೀದರ್ ಸಮೀಪದ ದಾಮರಗಿಡ್ಡಾದಲ್ಲಿ ಇನ್ನೊಂದು ಆಧಾರರೇಖೆ ಹಿಡಿದ. 1823ರಲ್ಲಿ ಹಿಂಗಣಘಾಟ್‌ನಲ್ಲಿ ಅವನು ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಆ ಸರಣಿಯನ್ನು ಹಿಮಾಲಯದ ಬುಡದ ಡೆಹ್ರಾಡೂನಿಗೆ ಮುಟ್ಟಿಸಿದ. ಅಲ್ಲಿಂದ ಪೂರ್ವಕ್ಕೆ ತರಾಯಿಯ ಮಲೇರಿಯಾ ಕಾಡಿನ ಅಂಚಿನಲ್ಲಿ ತ್ರಿಕೋನಗಳು ಮುಂದುವರಿದವು. ಎಷ್ಟೋ ಸರ್ವೆ ಆಳುಗಳು ಜ್ವರದಿಂದ ಅಲ್ಲೇ ಸತ್ತರು. ಅವರ ಹೆಸರುಗಳು ಯಾವ ಬೆಟ್ಟಕ್ಕೂ ಬರಲಿಲ್ಲ.

ನೇಪಾಳ ಬ್ರಿಟಿಷ್ ಸರ್ವೆಯವರನ್ನು ಒಳಗೆ ಬಿಡಲಿಲ್ಲ. ಹಾಗಾಗಿ ಜೇಮ್ಸ್ ನಿಕಲ್ಸನ್ 1849–50ರಲ್ಲಿ ಬಿಹಾರದ ಬಯಲಿನಿಂದ, ನೂರು ಮೈಲಿಗೂ ಆಚೆಯಿಂದ, ಹದಿನೈದನೆಯ ಶಿಖರ ಎಂದಷ್ಟೇ ಕರೆಯುತ್ತಿದ್ದ ಈ ಪರ್ವತಕ್ಕೆ ಗುರಿಯಿಟ್ಟ. ಗಾಳಿ ಬೆಳಕನ್ನು ಬಾಗಿಸುತ್ತದೆ. ಪರ್ವತದ ರಾಶಿ ಗೌಂಡಿಯ ತೂಗುಗುಂಡಿನಂಥ ಲಂಬಸೂತ್ರವನ್ನು ತನ್ನತ್ತ ಎಳೆಯುತ್ತದೆ. ತನ್ನನ್ನು ಅಳೆಯಬಂದ ಉಪಕರಣವನ್ನೇ ಓರೆ ಮಾಡುವ ವಸ್ತುವನ್ನು ಅಳೆಯಬೇಕಿತ್ತು. ರಾಧಾನಾಥ ಸಿಕ್ದರ್ ಮುಂತಾದ ಗಣಕರು ಈ ದೋಷಗಳನ್ನೆಲ್ಲ ಕಳೆದು ಕೂಡಿ ತೆಗೆದ ಎತ್ತರವನ್ನು 1856ರಲ್ಲಿ ಆ್ಯಂಡ್ರೂ ವಾ ಪ್ರಕಟಿಸಿದ: 29,002 ಅಡಿ. ಲೆಕ್ಕದ ಸರಾಸರಿ ಸರಿಯಾಗಿ 29,000 ಬಂದಿತ್ತು, ದುಂಡನೆಯ ಅಂಕಿ ಕೊಟ್ಟರೆ ಅಂದಾಜು ಎಂದು ಜನ ನಗುತ್ತಾರೆಂದು ಎರಡು ಅಡಿ ಸೇರಿಸಿದರು ಎಂಬ ಕತೆ ಅಂದಿನಿಂದ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಕತೆಯಲ್ಲಿ ತಿರುಳಿದೆ. ಚಿಲ್ಲರೆಯ ಬಾಲ ಇರುವ ಅಂಕಿಗೆ ನಾವು ಹೆಚ್ಚು ಮರ್ಯಾದೆ ಕೊಡುತ್ತೇವೆ.

ಇದಕ್ಕೆ ನಮ್ಮಲ್ಲೇ ಇನ್ನೂ ಚೆಂದದ ಉದಾಹರಣೆಯಿದೆ. ಆಲಮಟ್ಟಿಯನ್ನು ಎತ್ತರಿಸಬೇಕೆಂದು ಕರ್ನಾಟಕ ಹೋರಾಡುತ್ತಿರುವ ಮಟ್ಟ 524.256 ಮೀಟರ್. ಮೂರು ದಶಾಂಶ ಸ್ಥಾನ! ಮಿಲಿಮೀಟರಿನವರೆಗೆ ತೂಗಿ ನೋಡಿ, ನದಿಯನ್ನೂ ನೆಲವನ್ನೂ ಪರೀಕ್ಷಿಸಿ ತೆಗೆದ ಅಂಕಿ ಇರಬೇಕು ಎನ್ನಿಸುತ್ತದೆ. ಒಂದು ಸಣ್ಣ ಗುಣಾಕಾರ ಮಾಡಿ. 1720 ಅಡಿಯನ್ನು 0.3048ರಿಂದ ಗುಣಿಸಿದರೆ ಬರುವುದು ಸರಿಯಾಗಿ 524.256, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಡಿಗಳ ಕಾಲದ ಎಂಜಿನಿಯರುಗಳ ದುಂಡನೆಯ ಅಂಕಿ ಮೀಟರಿನ ವೇಷ ಹಾಕಿಕೊಂಡು ಕೂತಿದೆ. ಇದನ್ನು ತಪ್ಪು ಎನ್ನುತ್ತಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ದುಂಡನೆಯ ಕಡೆ ಎಳೆದರೆ ಅಡ್ಡಿಯಿಲ್ಲ. ಆದರೆ ಆ ಅಂಕಿಯನ್ನು ದೇವರು ಬರೆದ ಹಣೆಬರಹ ಎಂಬಂತೆ ವೇದಿಕೆಗಳ ಮೇಲೆ ಕೂಗುವವರಿಗೂ ಅದನ್ನು ಮುಟ್ಟಿದರೆ ಪ್ರಳಯ ಎನ್ನುವ ಪಕ್ಕದ ರಾಜ್ಯದವರಿಗೂ ಅದರ ಹುಟ್ಟು ನೆನಪಿರಲಿ. ಮನುಷ್ಯರು ಕಾಗದದ ಮೇಲೆ ಆರಿಸಿದ ಅಂಕಿ ಅದು. ಆರಿಸಿದವರು ಮತ್ತೆ ಕೂತು ಮಾತಾಡಬಹುದು.

ಎವರೆಸ್ಟಿನ ವಿಷಯದಲ್ಲಿ ಹಾಗೆ ಕೂತು ಮಾತಾಡಿದ್ದು ಸುಲಭವಾಗೇನೂ ಆಗಲಿಲ್ಲ. 1961ರ ಅಕ್ಟೋಬರ್ 5ರ ಒಪ್ಪಂದದಲ್ಲಿ ನೇಪಾಳ–ಚೀನಾ ಗಡಿ ಶಿಖರದ ಮೇಲೇ ಹಾದುಹೋಯಿತು. ಅದಕ್ಕೂ ಮೊದಲು ಇಡೀ ಶಿಖರ ತಮ್ಮದೆಂದು ಎರಡೂ ಕಡೆ ಮಾತಿತ್ತು. ಗೆರೆ ಬಿದ್ದ ಮೇಲೆ ಎತ್ತರದ ತಕರಾರು ಉಳಿಯಿತು. 1954–55ರ ಭಾರತೀಯ ಸರ್ವೆ ಕೊಟ್ಟ 8848 ಮೀಟರ್ ಜಗತ್ತಿಗೆಲ್ಲ ರೂಢಿಯಾಗಿತ್ತು, ನೇಪಾಳ ಅದನ್ನೇ ಹಿಡಿದಿತ್ತು. ಚೀನಾ 2005ರಲ್ಲಿ ಹೊಸದಾಗಿ ಅಳೆದು 8844.43 ಎಂದಿತು. ಹೆಚ್ಚುಕಡಿಮೆ ನಾಲ್ಕು ಮೀಟರಿನ ಈ ವ್ಯತ್ಯಾಸಕ್ಕೆ ಯಾರ ಯಂತ್ರದ ದೋಷವೂ ಕಾರಣವಲ್ಲ. ಶಿಖರದ ನೆತ್ತಿಯಲ್ಲಿ ಬಂಡೆಯ ಮೇಲೆ ಹೆಪ್ಪುಗಟ್ಟಿದ ಹಿಮದ ಟೋಪಿಯಿದೆ. ಬೆಟ್ಟವೆಂದರೆ ಬಂಡೆ, ಹಿಮ ಬಂದುಹೋಗುವಂಥದ್ದು ಎಂಬುದು ಚೀನಾದ ವಾದ. ಹತ್ತಿದವನು ನಿಲ್ಲುವುದು ಹಿಮದ ಮೇಲೆ, ಆದ್ದರಿಂದ ಹಿಮವೂ ಬೆಟ್ಟವೇ ಎಂಬುದು ನೇಪಾಳದ ವಾದ. ಎರಡೂ ಸರಿ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ತೀರ್ಮಾನ ಆಗಿರಲಿಲ್ಲ, ಅಷ್ಟೇ.

ಇಲ್ಲಿ ನೇಪಾಳ ಮಾಡಿದ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಲ್ಲಿಯವರೆಗೂ ತನ್ನ ಶಿಖರವನ್ನು ಅದು ತಾನೇ ಅಳೆದಿರಲಿಲ್ಲ. ಬ್ರಿಟಿಷರು, ಭಾರತೀಯರು, ಚೀನೀಯರು, ಅಮೆರಿಕದವರು ಅಳೆದು ಹೇಳಿದ್ದನ್ನು ಒಪ್ಪುವುದೋ ಬಿಡುವುದೋ ಮಾತ್ರ ಅದರ ಕೈಯಲ್ಲಿತ್ತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಶಿಖರ ಕುಸಿದಿರಬಹುದೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೆ ಎದ್ದಿತು. ಆಗ ನೇಪಾಳದ ಸರ್ವೆ ಇಲಾಖೆ ತರಾಯಿ ಬಯಲಿನಿಂದ ಲೆವೆಲ್ ಹಿಡಿದು ಮೇಲಕ್ಕೆ ಬಂತು. 2019ರ ಮೇ 22ರ ನಸುಕಿನ ಮೂರರ ಹೊತ್ತಿಗೆ ಖಿಮ್‌ಲಾಲ್ ಗೌತಮ್ ಮತ್ತವರ ಸಂಗಡಿಗರು ಉಪಗ್ರಹ ಸಂಕೇತ ಹಿಡಿಯುವ ಯಂತ್ರ ಹೊತ್ತು ನೆತ್ತಿಯ ಮೇಲಿದ್ದರು. ಹಿಮ ಕಚ್ಚಿ ಗೌತಮ್ ಕಾಲ್ಬೆರಳಿನ ತುದಿ ಕಳೆದುಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಷಿ ಜಿನ್‌ಪಿಂಗ್ ಕಠ್ಮಂಡುವಿಗೆ ಬಂದಾಗ ಎತ್ತರವನ್ನು ಜಂಟಿಯಾಗಿ ಘೋಷಿಸುವ ಮಾತಾಯಿತು. 2020ರ ಮೇ 27ರಂದು ಚೀನಾದ ತಂಡ ತನ್ನ ಮಗ್ಗುಲಿನಿಂದ ಹತ್ತಿತು. ಬಂದ ಅಂಕಿ ಹಿಮವನ್ನೂ ಒಳಗೊಂಡ ಎತ್ತರ. ದೊಡ್ಡ ದೇಶ ತನ್ನ ಬಂಡೆಯ ವಾದ ಬಿಟ್ಟಿತು. ಚಿಕ್ಕ ದೇಶದ ಕೈಯಲ್ಲಿ ಸ್ವಂತ ಅಳತೆಯ ಕಾಗದ ಇಲ್ಲದಿದ್ದರೆ ಹೀಗಾಗುತ್ತಿತ್ತೆಂದು ನನಗನಿಸುವುದಿಲ್ಲ.

ಕರಾರು ಅರ್ಧಕ್ಕೆ ನಿಂತರೆ ಏನಾಗುತ್ತದೆಂದು ನೋಡಲು ಆ ಹಿಮಸಾಲಿನ ವಾಯವ್ಯಕ್ಕಿರುವ ಕಾರಕೋರಂಗೆ ಹೋಗಬೇಕು. 1949ರ ಕರಾಚಿ ಒಪ್ಪಂದದಲ್ಲಿ ಭಾರತ–ಪಾಕಿಸ್ತಾನದ ಅಧಿಕಾರಿಗಳು ಕದನವಿರಾಮ ರೇಖೆ ಎಳೆಯುತ್ತ ಎನ್‌ಜೆ 9842 ಎಂಬ ಬಿಂದುವಿಗೆ ಬಂದು ಕೈಬಿಟ್ಟರು. ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ಕಡೆಗೆ ಎಂದು ಬರೆದು ಮುಗಿಸಿದರು. ಅಷ್ಟು ಎತ್ತರದಲ್ಲಿ, ಹುಲ್ಲೂ ಹುಟ್ಟದ ಜಾಗಕ್ಕೆ, ಯಾರು ಜಗಳವಾಡುತ್ತಾರೆ ಎಂಬ ಧೈರ್ಯ. 1972ರ ಶಿಮ್ಲಾ ಒಪ್ಪಂದದ ಬಳಿಕವೂ ಆ ತುಂಡನ್ನು ಯಾರೂ ಪೂರ್ತಿ ಮಾಡಲಿಲ್ಲ. 1984ರ ಏಪ್ರಿಲ್ 13ರಂದು ಭಾರತೀಯ ಸೇನೆ ಮೇಘದೂತ ಕಾರ್ಯಾಚರಣೆಯಲ್ಲಿ ಸಿಯಾಚಿನ್ ಹಿಮನದಿಯ ಪಕ್ಕದ ಸಾಲ್ತೋರೊ ಸಾಲಿನ ಕಣಿವೆಬಾಯಿಗಳನ್ನು ಹಿಡಿಯಿತು. ಅಂದಿನಿಂದ 7742 ಮೀಟರ್ ಎತ್ತರದ ಸಾಲ್ತೋರೊ ಕಾಂಗ್ರಿಯಂಥ ಶಿಖರಗಳ ನೆರಳಲ್ಲಿ ಎರಡು ಸೇನೆಗಳು ಎದುರುಬದುರು ಕೂತಿವೆ. 2003ರ ನವೆಂಬರಿನಲ್ಲಿ ಗುಂಡು ನಿಂತಿತು, ಸಾವು ನಿಲ್ಲಲಿಲ್ಲ. ಗುಂಡಿಗಿಂತ ಹೆಚ್ಚು ಜನರನ್ನು ಅಲ್ಲಿ ಚಳಿ, ಹಿಮಕುಸಿತ, ತೆಳುಗಾಳಿ ಕೊಂದಿವೆ.

2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಒಬ್ಬರು ಹಾಸನ ಕಡೆಯವರು, ಒಬ್ಬರು ಎಚ್.ಡಿ. ಕೋಟೆಯವರು, ಇನ್ನೊಬ್ಬರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹಿಮ ಅಗೆದಾಗ ಹನುಮಂತಪ್ಪನವರಲ್ಲಿ ಇನ್ನೂ ಉಸಿರಿತ್ತು. ಫೆಬ್ರವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಎರೆಮಣ್ಣಿನ ಬಯಲುಸೀಮೆಯಲ್ಲಿ ಹುಟ್ಟಿದವರು ಅಷ್ಟು ಎತ್ತರದಲ್ಲಿ ನಿಲ್ಲಬೇಕಾದ ಪ್ರಸಂಗದ ಹಿಂದೆ 1949ರಲ್ಲಿ ಮೇಜಿನ ಮೇಲೆ ಬರೆಯದೆ ಬಿಟ್ಟ ಒಂದು ಗೆರೆಯಿದೆ. ಪಾಕಿಸ್ತಾನದ ಕಡೆಯೂ ಇದೇ ಕತೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರು 140 ಜನ.

ಸೈನಿಕರ ತ್ಯಾಗವನ್ನು ಇಂಥ ಲೆಕ್ಕಕ್ಕೆ ಎಳೆಯಬಾರದೆಂದು ಕೆಲವರು ಸಿಟ್ಟಾಗಬಹುದು. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ, ನಮ್ಮ ಹಳ್ಳಿಗಳಿಂದ ಸೇನೆಗೆ ಹೋದ ಮನೆಗಳು ಬೇಕಾದಷ್ಟಿವೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಕಾಯುವವನ ಧೈರ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿರುವ ಕಾಗದವನ್ನು ಪ್ರಶ್ನಿಸುತ್ತಿದ್ದೇನೆ. ಸೈನಿಕರನ್ನು ಕೆಳಗಿಳಿಸುವ ಮಾತುಕತೆ 1989ರಿಂದಲೂ ಮತ್ತೆ ಮತ್ತೆ ಬಂದು ಮುಗ್ಗರಿಸುವುದು ಒಂದೇ ಕಡೆ: ಯಾರು ಈಗ ಎಲ್ಲಿ ನಿಂತಿದ್ದಾರೆಂದು ನಕ್ಷೆಯಲ್ಲಿ ಗುರುತಿಸಿ ಸಹಿ ಹಾಕಿ ಎಂದು ಭಾರತ ಕೇಳುತ್ತದೆ, ಪಾಕಿಸ್ತಾನ ಹಾಕುವುದಿಲ್ಲ. ಭಾರತ ಕೇಳುವುದು ನ್ಯಾಯವೇ. ದಾಖಲಾಗದ ನೆಲೆಯನ್ನು ಬಿಟ್ಟು ಇಳಿದರೆ ನಾಳೆ ಹಿಂದಿರುಗಲು ಆಧಾರವೇ ಇರುವುದಿಲ್ಲ. ಅಂದರೆ ಹಿಮಕ್ಕಿಂತ ದೊಡ್ಡ ತೊಡಕು ಸಹಿಯದು.

ಆಲಮಟ್ಟಿಯನ್ನು ಎವರೆಸ್ಟ್ ಮತ್ತು ಸಿಯಾಚಿನ್ ನಡುವೆ ಎಲ್ಲೋ ಇಡಬೇಕು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟೆ ಇದು. 2006ರ ಆಗಸ್ಟ್ 21ರಂದು ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ನಡುವಿನ ನಾಲ್ಕು ದಶಕಗಳಲ್ಲಿ ಅದರ ಎತ್ತರ ಕೃಷ್ಣೆಯ ಮೂರು ರಾಜ್ಯಗಳ ರಾಜಕೀಯವಾಯಿತು. ತೊಂಬತ್ತರ ದಶಕದ ನಡುವಿನಲ್ಲಿ ದಿಲ್ಲಿಯ ಸರ್ಕಾರವನ್ನೇ ಅದು ಅಲುಗಾಡಿಸಿತು. ಸುಪ್ರೀಂ ಕೋರ್ಟ್ 2000ದ ಏಪ್ರಿಲ್ 25ರಂದು 519.60ಕ್ಕೆ ಒಪ್ಪಿಗೆ ಕೊಟ್ಟಿತು. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರ್ 30ರಂದು 524.256 ಆಗಬಹುದು ಎಂದಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ನೀರಿನ ದಾರಿ ತೆರೆಯಿತು ಎಂದು ನಮ್ಮಲ್ಲಿ ಪಟಾಕಿ ಹೊಡೆದರು. ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಗೆಜೆಟ್ಟಿನಲ್ಲಿ ಪ್ರಕಟಿಸದಂತೆ ತಡೆಯಿತು. ತೀರ್ಪು ಬಂದಿದೆ, ಜಾರಿಗೆ ಬಂದಿಲ್ಲ. ಅಂಕಿ ಇದೆ, ಸಹಿ ಬಿದ್ದಿಲ್ಲ.

519.60ಕ್ಕೂ 524.256ಕ್ಕೂ ನಡುವೆ 4.656 ಮೀಟರ್. ಎರಡೂವರೆ ಆಳೆತ್ತರಕ್ಕಿಂತ ತುಸು ಜಾಸ್ತಿ. ಎವರೆಸ್ಟಿನ ಬಂಡೆ ಮತ್ತು ಹಿಮದ ನಡುವಿನ ಜಗಳವೂ ಹೆಚ್ಚುಕಡಿಮೆ ಇಷ್ಟೇ ಎತ್ತರದ್ದಾಗಿತ್ತು. ಅಲ್ಲಿ ಆ ನಾಲ್ಕು ಮೀಟರಿನೊಳಗೆ ಯಾರೂ ವಾಸವಿರಲಿಲ್ಲ. ಇಲ್ಲಿ ಆ ಪಟ್ಟಿಯಲ್ಲಿ ಸುಮಾರು ಎಪ್ಪತ್ತೈದು ಸಾವಿರ ಎಕರೆ ಹೊಲಗದ್ದೆಗಳಿವೆ, ಹಳ್ಳಿಗಳಿವೆ, ಬಾಗಲಕೋಟೆಯ ಓಣಿಗಳಿವೆ. ಆ ಪಟ್ಟಿಯಲ್ಲಿ ಮನೆಯಿರುವವನು ಮಾಳಿಗೆ ಸೋರಿದರೂ ದುರಸ್ತಿಗೆ ಹಿಂದೆ ಮುಂದೆ ನೋಡುತ್ತಾನೆ. ಬಾವಿ ತೋಡಿಸಲು ಸಾಲ ಮಾಡಲೋ ಬೇಡವೋ ತಿಳಿಯುವುದಿಲ್ಲ. ಹೊಲ ಮಾರಲು ಹೋದರೆ ‘ಮುಳುಗಡೆ ಜಾಗಾ’ ಎಂದು ಕೊಳ್ಳುವವರು ಅರ್ಧ ಬೆಲೆ ಕಟ್ಟುತ್ತಾರೆ. ಹೆಣ್ಣು ಕೊಡುವವರು ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಬಂದಿದೆಯೇ ಎಂದು ಕೇಳುತ್ತಾರೆ. ನೀರು ಬಂದು ಮುಳುಗಿಸಿದರೆ ಪರಿಹಾರಕ್ಕೊಂದು ದರ ಇದೆ. ಬರುತ್ತದೆಂದು ಕಾಯುತ್ತ ಹದಿನೈದು ವರ್ಷ ಕಳೆದುಹೋದದ್ದಕ್ಕೆ ಯಾವ ಶಿರೋನಾಮೆಯಲ್ಲೂ ದುಡ್ಡಿಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ನಿಗದಿ ಮಾಡಿತು. ದರ ಸಣ್ಣದಲ್ಲ. ಮಹಾರಾಷ್ಟ್ರ ಕೂಡಲೇ ತಕರಾರು ತೆಗೆಯಿತು: ಎತ್ತರ ಹೆಚ್ಚಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಎಂದು. 2005ರ, 2019ರ ಪ್ರವಾಹ ನೋಡಿದವರ ಭಯವನ್ನು ರಾಜಕೀಯ ಎಂದು ತಳ್ಳಿಹಾಕುವುದು ಒಳ್ಳೆಯ ನೆರೆಯವರ ಲಕ್ಷಣವಲ್ಲ. ಹಾಗೆಂದು ಭಯವೇ ಅಳತೆಯೂ ಆಗಬಾರದು. ಹಿನ್ನೀರು ಎಂದರೆ ಗೋಡೆಯಿಂದ ಸಮಮಟ್ಟದಲ್ಲಿ ಹಿಂದಕ್ಕೆ ಹಾಸಿದ ಚಾಪೆಯಲ್ಲ; ನದಿ ಉಕ್ಕಿದಾಗ ನೀರಿನ ಮೇಲ್ಮೈ ಮೇಲ್ಭಾಗದ ಊರುಗಳ ಕಡೆಗೆ ಏರುತ್ತ ಹೋಗುತ್ತದೆ. ಎಲ್ಲಿ ಎಷ್ಟು ಏರುತ್ತದೆ ಎಂಬುದು ನದಿಯ ಇಳಿಜಾರು, ಪಾತ್ರದ ಅಗಲ, ನಡುವಿನ ಸೇತುವೆ ಮತ್ತು ಬ್ಯಾರೇಜು, ಗೇಟು ತೆರೆದ ಹೊತ್ತು ಇವೆಲ್ಲ ಕೂಡಿ ಆಗುವ ಮಾತು. ಕರ್ನಾಟಕದ ಎಂಜಿನಿಯರ್ ಒಂದು ಲೆಕ್ಕ ಹೇಳುತ್ತಾನೆ, ಮಹಾರಾಷ್ಟ್ರದವನು ಇನ್ನೊಂದು. ಇಬ್ಬರೂ ಒಂದೇ ನದಿಯಲ್ಲಿ, ಒಂದೇ ದಿನ, ಒಂದೇ ಸೊನ್ನೆ ಹಿಡಿದು ಅಳೆದ ಅಂಕಿಯನ್ನು ಎರಡೂ ಕಡೆ ಸಹಿ ಹಾಕಿ ಜನರ ಮುಂದಿಟ್ಟರೆ ವಾದ ಅರ್ಧಕ್ಕೆ ಇಳಿಯುತ್ತದೆ. ಚೀನಾ–ನೇಪಾಳಕ್ಕೆ ಆದದ್ದು ವಿಜಯಪುರ–ಸಾಂಗ್ಲಿಗೆ ಆಗದು ಎನ್ನಲು ಕಾರಣ ನನಗೆ ಕಾಣುತ್ತಿಲ್ಲ. ನಡುವೆ ಇರುವುದು ಪಾಸ್‌ಪೋರ್ಟ್ ಬೇಕಾದ ಗಡಿಯೂ ಅಲ್ಲ.

ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಇದು: ಎತ್ತರದ ವಿಷಯದಲ್ಲಿ ಮಾತುಕತೆಗೆ ಕೂತರೆ 524ರ ಹಕ್ಕನ್ನೇ ಸಡಿಲಿಸಿದಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಒಣಭೂಮಿ ಆ ನೀರಿಗಾಗಿ ಕಾದಿದೆ. ಗೆದ್ದ ತೀರ್ಪನ್ನು ಮೇಜಿನ ಮೇಲಿಟ್ಟು ಚೌಕಾಸಿ ಮಾಡುವುದೇಕೆ? ಈ ಮಾತಿನಲ್ಲಿ ತೂಕವಿದೆ, ನಾಲೆಯ ತುದಿಯ ರೈತನ ಬಾಯಲ್ಲಿ ಬಂದಾಗಲಂತೂ ಇನ್ನೂ ಹೆಚ್ಚು. ಆದರೆ ಹದಿನೈದು ವರ್ಷದಿಂದ ಹಕ್ಕು ಕಾಗದದಲ್ಲಿ ಭದ್ರವಾಗಿದೆ, ನೀರು ನಾಲೆಯ ತುದಿ ಮುಟ್ಟಿಲ್ಲ. ಒಂದು ಮೀಟರ್ ಕಡಿಮೆಗೆ ಒಪ್ಪಿ ಅಂದೇ ಗೇಟು ಏರಿಸಿದ್ದರೂ ಇಷ್ಟು ಮಳೆಗಾಲಗಳ ನೀರು ನಿಂತಿರುತ್ತಿತ್ತು. ಹಾಗೆ ಒಪ್ಪಲೇಬೇಕಿತ್ತು ಎಂದು ನಾನು ಹೇಳುವುದಿಲ್ಲ, ಅದು ಕೋರ್ಟು ಮತ್ತು ಸರ್ಕಾರಗಳ ಕೆಲಸ. ಒಪ್ಪದೆ ಕಾದದ್ದಕ್ಕೂ ಒಂದು ಬೆಲೆ ಇದೆ, ಅದನ್ನು ಪ್ರತಿ ಚುನಾವಣೆಯಲ್ಲಿ 524 ಎಂಬ ಅಂಕಿಯನ್ನು ಬಾವುಟದಂತೆ ಬೀಸುವವರು ತೆರುತ್ತಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಸಹಿ ಬಿದ್ದ ಮೇಲೂ ಎತ್ತರ ಅಲ್ಲೇ ನಿಲ್ಲುವುದಿಲ್ಲ ಎಂಬುದೂ ನಿಜ. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಮ್ಯಾಟರ್‌ಹಾರ್ನ್ ಸುತ್ತಮುತ್ತ ಗಡಿ ಹಿಮದ ದಿಬ್ಬದ ಗೆರೆಯನ್ನೇ ಹಿಡಿದು ಹೋಗುತ್ತಿತ್ತು. ಹಿಮ ಕರಗಿ ಗೆರೆ ಸರಿಯಿತು. ಎರಡೂ ದೇಶಗಳು 2023ರಲ್ಲಿ ಹೊಸ ಗೆರೆಗೆ ಒಪ್ಪಿದವು, 2024ರಲ್ಲಿ ಸ್ವಿಸ್ ಸರ್ಕಾರ ಅದಕ್ಕೆ ಮುದ್ರೆ ಒತ್ತಿತು. ಕರಗುವ ನೆಲದ ಮೇಲೆ ಶಾಶ್ವತ ಗೆರೆ ಎಳೆಯಲಾಗದು ಎಂದು ತಿಳಿದವರು ಮತ್ತೆ ಅಳೆಯುವ ಏರ್ಪಾಡನ್ನೂ ಕರಾರಿನೊಳಗೆ ಸೇರಿಸಿಕೊಳ್ಳುತ್ತಾರೆ. ಎವರೆಸ್ಟಿನ ದಕ್ಷಿಣ ಕಣಿವೆಬಾಯಿಯ ಹಿಮನದಿ ಸುಮಾರು ಎರಡು ಸಾವಿರ ವರ್ಷಗಳಲ್ಲಿ ಕಟ್ಟಿದ್ದ ಹಿಮವನ್ನು ಕೆಲವೇ ದಶಕಗಳಲ್ಲಿ ಕಳೆದುಕೊಂಡಿದೆ ಎಂದು 2022ರ ಅಧ್ಯಯನವೊಂದು ತೋರಿಸಿತು. ಹಿಮವನ್ನು ಎತ್ತರದೊಳಗೆ ಸೇರಿಸಿದ ನೇಪಾಳ–ಚೀನಾ ಒಂದು ದಿನ ಮತ್ತೆ ಅಳೆಯಬೇಕಾದೀತು.

ನಮ್ಮಲ್ಲಿ ಕರಗುವ ಹಿಮವಿಲ್ಲ, ಬದಲಿಗೆ ಜವಳು ಇದೆ. ಕಾಗದದ ಪ್ರಕಾರ ನೀರು 519.60ಕ್ಕೆ ನಿಲ್ಲಬೇಕು. ಎರೆನೆಲ ಆ ಅಂಕಿಯನ್ನು ಓದಿಲ್ಲ. ಹಿನ್ನೀರಿನ ಅಂಚಿನ ಹೊಲಗಳಲ್ಲಿ ನೀರು ಮಣ್ಣೊಳಗಿಂದ ಮೇಲೇರುತ್ತದೆ, ಜೋಳದ ಬುಡ ಕೊಳೆಯುತ್ತದೆ, ಕ್ರಮೇಣ ಸವಳು ಬಿಳಿಯಾಗಿ ಕಾಣಿಸಿಕೊಳ್ಳುತ್ತದೆ. ಗೆರೆಯ ಕೆಳಗಿನ ಹೊಲ ಮುಳುಗಡೆ, ಪರಿಹಾರ ಉಂಟು. ಗೆರೆಯ ಮೇಲಿನದು ದಾಖಲೆಯಲ್ಲಿ ಒಳ್ಳೆಯ ಜಮೀನು. ಬಂಡೆಯನ್ನು ಹಿಡಿಯಬೇಕೋ ಹಿಮವನ್ನೋ ಎಂಬ ಪ್ರಶ್ನೆಯ ನಮ್ಮ ರೂಪ ಇದು: ಮೇಲೆ ಕಾಣುವ ನೀರನ್ನಷ್ಟೇ ಅಳೆಯಬೇಕೋ, ನೆಲದೊಳಗಿನ ತೇವವನ್ನೂ ಹಿಡಿಯಬೇಕೋ? ಈ ಪ್ರಶ್ನೆ ಮೂರನೇ ಹಂತ ಬರುವ ಮೊದಲೇ ಇತ್ಯರ್ಥವಾಗಬೇಕು. ಎತ್ತರ ಒಮ್ಮೆ 524.256 ಆದಮೇಲೆ ಆ ಗೆರೆಯ ಅಂಚಿಗೆ ಬರುವ ಹೊಲಗಳವರೂ ಇದೇ ಪಾಡನ್ನು ಮೊದಲಿನಿಂದ ಶುರು ಮಾಡುತ್ತಾರೆ.

ಭೂಸ್ವಾಧೀನದ ಹೊತ್ತಿಗೆ ಜಂಟಿ ಅಳತೆ ಎಂಬ ಶಾಸ್ತ್ರ ನಡೆಯುತ್ತದೆ. ಅಧಿಕಾರಿಗಳು ಯಂತ್ರ ಹಿಡಿದು ಬರುತ್ತಾರೆ, ಹೊಲದ ಒಡೆಯ ಪಕ್ಕದಲ್ಲಿ ನಿಂತಿರುತ್ತಾನೆ, ಕೊನೆಗೆ ತೋರಿಸಿದ ಕಡೆ ಸಹಿಯೋ ಹೆಬ್ಬೆಟ್ಟೋ ಒತ್ತುತ್ತಾನೆ. ಹೆಸರಿಗೆ ಜಂಟಿ, ಅಳತೆ ಒಬ್ಬರದೇ. 2019ರವರೆಗೆ ನೇಪಾಳ ತನ್ನ ಶಿಖರದ ವಿಷಯದಲ್ಲಿ ನಿಂತಿದ್ದ ಜಾಗವೂ ಇದೇ. ಇದನ್ನು ಬದಲಿಸಲು ಸುಪ್ರೀಂ ಕೋರ್ಟಿನ ತನಕ ಹೋಗಬೇಕಿಲ್ಲ. ಲೆವೆಲ್ ಯಂತ್ರ ಇಂದು ಯಾವ ಕಟ್ಟಡದ ಕಂಟ್ರಾಕ್ಟರನ ಬಳಿಯೂ ಇರುತ್ತದೆ. ಅದನ್ನು ಓದಬಲ್ಲ ಡಿಪ್ಲೊಮಾ ಹುಡುಗರು ನಿಡಗುಂದಿಯಲ್ಲೂ ಬಾಗೇವಾಡಿಯಲ್ಲೂ ಕೆಲಸ ಹುಡುಕುತ್ತಿದ್ದಾರೆ. ಸರ್ವೆಯ ಆಧಾರಕಲ್ಲುಗಳ ಮಟ್ಟವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಬಹುದು. ಅಂಚಿನ ಪ್ರತಿ ಹಳ್ಳಿಯೂ ಗುಡಿಯ ಕಟ್ಟೆ, ಶಾಲೆಯ ಮೆಟ್ಟಿಲು, ಊರ ಬಾವಿಯ ದಂಡೆ ಸಮುದ್ರದಿಂದ ಎಷ್ಟು ಎತ್ತರದಲ್ಲಿವೆಯೆಂದು ಅಳೆಸಿ, ಮಳೆಗಾಲಕ್ಕೆ ಮೊದಲು ಮತ್ತು ಆನಂತರ ಬಾವಿಯ ನೀರು ಎಲ್ಲಿಗೆ ಬಂತೆಂದು ಬರೆದಿಟ್ಟು, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಲಿ. ಮುಂದಿನ ಸಲ ಅಧಿಕಾರಿಗಳು ಜಂಟಿ ಅಳತೆಗೆ ಬಂದಾಗ ಊರಿನ ಕೈಯಲ್ಲೂ ಒಂದು ಕಾಗದ ಇರುತ್ತದೆ.